ಆರಡಿ ಅಗಲದ ಮನೆ, ಮೂಡಣ ಮುಖದ ಒಲೆ

ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತರೆ ನನ್ನ ಮೊಣಕಾಲು ನೀರಿಗಿಂತ ಕೆಳಗಿರುತ್ತದೆ. ಮೊದಲ ದಿನ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಚಹಕ್ಕಿಟ್ಟು ಕಿಟಕಿ ತೆರೆದರೆ ಹೊರಗೆ ಒಂದು ಬಿಳಿ ಹಂಸ, ನೀರಿನ ಮೇಲೆ ಕೂತಲ್ಲೇ ಕತ್ತು ಚಾಚಿ ನನ್ನ ಮುಖಕ್ಕೆ ಮುಖ ಕೊಟ್ಟು ನೋಡುತ್ತಿತ್ತು. ಹೆದರಿ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿಟ್ಟೆ. ನಾನು ಬಂಕಾಪುರದ ಕೋಟೆಗೆ ಹೋಗಿ ಬಂದು ನವಿಲು ನೋಡಿ ಬೆಳೆದವಳು. ಅವು ಮನುಷ್ಯರನ್ನು ಕಂಡರೆ ಗಿಡಗಳ ಒಳಗೆ ಸರಿದುಬಿಡುತ್ತವೆ. ಇದು ತಿನ್ನಲು ಏನಾದರೂ ಇದೆಯೇ ಎಂದು ಕೇಳಲು ಬಂದಿತ್ತು.

ನಾವಿರುವುದು ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿನ ಅಂಚಿಗೆ, ಕಾಲುವೆಯ ಮೇಲೆ, ಕಬ್ಬಿಣದ ದೋಣಿಯಲ್ಲಿ. ಇಲ್ಲಿಯವರು ಇದಕ್ಕೆ ನ್ಯಾರೋಬೋಟ್ ಎನ್ನುತ್ತಾರೆ, ಸಪೂರ ದೋಣಿ ಎಂದರ್ಥ. ಉದ್ದ ಐವತ್ತೇಳು ಅಡಿ, ಅಗಲ ಆರಡಿ ಹತ್ತು ಇಂಚು. ಒಳಗೆ ಹಲಗೆ ಹೊಡೆದ ಮೇಲೆ ಉಳಿಯುವುದು ಆರಡಿ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಸಾಗಿಸಲು ಅಗೆದ ಕಾಲುವೆಗಳಿವು. ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಅವುಗಳ ನೀರುಬಾಗಿಲುಗಳು ಎಷ್ಟು ಅಗಲವೋ ದೋಣಿಯೂ ಅಷ್ಟೇ. ಈಗ ಕಲ್ಲಿದ್ದಲು ಹೋಗಿ, ಜನ ಅದೇ ಜಾಗದಲ್ಲಿ ಮಂಚ ಒಲೆ ಇಟ್ಟುಕೊಂಡು ವರ್ಷವಿಡೀ ಸಂಸಾರ ಮಾಡುತ್ತಾರೆ. ನಮ್ಮಲ್ಲಿ ಕಾಲುವೆ ಎಂದರೆ ಗದ್ದೆಗೆ ನೀರು, ಹೆಚ್ಚೆಂದರೆ ಎಮ್ಮೆಯ ಮೈ ತೊಳೆಯುವ ಜಾಗ. ಅಕ್ಕಿಆಲೂರಿನಲ್ಲಿರುವ ನನ್ನ ಅಕ್ಕನಿಗೆ ಇದನ್ನು ಬಿಡಿಸಿ ಹೇಳಲು ಮೂರು ಸಲ ಫೋನು ಮಾಡಬೇಕಾಯಿತು.

“ಅಂದ್ರ ನಿಮಗ ಬಾಡಿಗಿಗೆ ಒಂದ್ ಮನಿ ಸಹಿತ ಕೊಡಲಿಲ್ಲೇನ ಅವ್ರು?” ಎಂದು ಅವಳು ಮರುಗಿದಳು.

ಬಾಡಿಗೆಗೆ ಮನೆ ಇತ್ತು. ಎರಡು ವರ್ಷ ಅದರಲ್ಲೇ ಇದ್ದೆವು. ನಾನು ನರ್ಸ್. ಹಿರೇಕೆರೂರಿನಲ್ಲಿ, ಆಮೇಲೆ ಹಾನಗಲ್ಲಿನಲ್ಲಿ ಕೆಲಸ ಮಾಡಿ, ಪರೀಕ್ಷೆ ಬರೆದು ಇಲ್ಲಿಯ ಆಸ್ಪತ್ರೆಗೆ ಬಂದೆ. ಬೆನ್ನಿಗೆ ನನ್ನ ಗಂಡ ಬಸವರಾಜ ಬಂದರು. ಅವರದು ಹಿರೇಬೆಂಡಿಗೇರಿ. ಮನೆತನದ್ದು ಒಕ್ಕಲುತನವಾದರೂ ಇವರಿಗೆ ಕಟ್ಟಿಗೆಯ ಹುಚ್ಚು. ಶಿಗ್ಗಾಂವಿಯ ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲಾರಿಗಳಿಗೆ ಬಾಡಿ ಕಟ್ಟಿದವರು. ಬರೀ ಚಾಸಿಯಾಗಿ ಬಂದ ಲಾರಿ ಇವರ ಕೈಯಿಂದ ಮದುಮಗನ ಹಾಗೆ ಹೊರಡುತ್ತಿತ್ತು. ಡ್ರೈವರುಗಳು ಇವರನ್ನು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದರು.

ಇಲ್ಲಿ ಇವರಿಗೆ ಸಿಕ್ಕಿದ್ದು ದೊಡ್ಡ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸ. ಮೊದಲ ಆರು ತಿಂಗಳು ತಮಾಷೆ ಮಾಡಿದರು. ಆಮೇಲೆ ಮಾತು ಕಡಿಮೆಯಾಯಿತು. ನಾನು ಪಾಳಿ ಮುಗಿಸಿ ಬಂದರೆ ಇವರು ಕಿಟಕಿಯ ಬಳಿ ಕೂತು ಪಕ್ಕದ ಮನೆಯ ಬೇಲಿ ನೋಡುತ್ತಿದ್ದರು. ಒಂದು ಸಂಜೆ ಅನ್ನಕ್ಕೆ ಸಾರು ಕಲಸುತ್ತ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

“ಈ ವರ್ಷ ಒಂದು ನೋಡೋಣು, ಶಾಂತಾ. ಆಗ್ಲಿಲ್ಲಂದ್ರ ನಾ ಊರಿಗೆ ಹೋಗ್ತೇನಿ. ನೀ ಇರು. ನಿನ್ನ ಕೆಲಸ ಚಲೋ ಐತಿ.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ತಣ್ಣಗೆ ಹೇಳಿದರು. ಅಂದಿನಿಂದ ನನಗೆ ಆ ವರ್ಷ ಕಣ್ಣ ಮುಂದೆ ಕ್ಯಾಲೆಂಡರಿನ ಹಾಗೆ ನೇತಾಡತೊಡಗಿತು.

ದೋಣಿ ಸಿಕ್ಕಿದ್ದು ಆಕಸ್ಮಿಕ. ಭಾನುವಾರ ಕಾಲುವೆಯ ದಂಡೆಗುಂಟ ಅಡ್ಡಾಡುವಾಗ, ಹೊರಗೆ ಬಣ್ಣ, ಒಳಗೆ ಏನೂ ಇಲ್ಲದ ಒಂದು ದೋಣಿ ಮಾರಾಟಕ್ಕಿದೆ ಎಂಬ ಬೋರ್ಡು ಕಂಡಿತು. ಇವರು ಬಗ್ಗಿ ಒಳಗೆ ಇಣುಕಿದರು. ಬೆರಳ ಗೆಣ್ಣಿನಿಂದ ಕಬ್ಬಿಣವನ್ನು ಟಣ್ ಎಂದು ಬಾರಿಸಿ, ಕಿವಿಗೊಟ್ಟು ಕೇಳಿದರು. ಮತ್ತೊಮ್ಮೆ ಬಾರಿಸಿದರು. “ಚಾಸಿ ಗಟ್ಟಿ ಐತಿ,” ಎಂದರು. ಎರಡು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. ನೀರು ಕಂಡರೆ ಹೆದರುವ ನಾನು, ಆ ಮುಖ ನೋಡಿಯೇ ಹೂಂ ಎಂದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ಮನೆ ಕಟ್ಟುವ ಮೊದಲೇ ನಮಗೆ ನೋಡುವುದು ಸಾಕಷ್ಟಾಯಿತು. ಪಕ್ಕದ ದೋಣಿಯಲ್ಲಿ ಮಾರ್ಗರೆಟ್ ಎಂಬಾಕೆ ಇದ್ದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಮೂವತ್ತು ವರ್ಷದಿಂದ ನೀರಿನ ಮೇಲೇ ಇದ್ದವಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ನಮ್ಮ ಭಾಷೆಗೆ ಹಾಕಿಕೊಂಡು ಕೇಳುತ್ತೇನೆ. ಅದಕ್ಕೇ ಅವಳು ನನಗೆ ಅಕ್ಕಿಆಲೂರಿನ ಸಂತೆಯಲ್ಲಿ ಕೂತ ಮುದುಕಿಯ ಹಾಗೆಯೇ ಮಾತಾಡುತ್ತಾಳೆ.

“ಎಲ್ಲಾರೂ ಕಾಗದದ ಮ್ಯಾಲ ಅರಮನಿ ಬರಿತಾರ,” ಎಂದಳು. “ಆಮ್ಯಾಲ ಒಬ್ರು ಹಾದು ಹೋಗಬೇಕಾದ್ರ ಇನ್ನೊಬ್ರು ಮಂಚ ಏರಿ ನಿಂದ್ರಬೇಕಾಕ್ಕೈತಿ.”

ಇವರು ಕಾಗದವನ್ನೇ ಹಿಡಿಯಲಿಲ್ಲ. ನಮ್ಮ ಕಡೆ ಮನೆಗೆ ಬುನಾದಿ ತೋಡುವ ಮೊದಲು ಗೂಟ ನೆಟ್ಟು, ಹುರಿ ಕಟ್ಟಿ, ಸುಣ್ಣದ ಗೆರೆ ಎಳೆದು, ಮನೆಯವರನ್ನೆಲ್ಲ ಆ ಗೆರೆಯೊಳಗೆ ಅಡ್ಡಾಡಿಸುತ್ತಾರಲ್ಲ, ಹಾಗೆ ಮಾಡೋಣ ಎಂದರು. ಚರ್ಚಿನ ಹಿಂದಿನ ಅಂಗಳಕ್ಕೆ ಮಾರ್ಗರೆಟ್ ಅನುಮತಿ ಕೊಡಿಸಿದಳು. ಶನಿವಾರ ಬೆಳಿಗ್ಗೆ ಇವರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ದೋಣಿಯನ್ನು ಅದರಳತೆಯಲ್ಲೇ ಬರೆದರು. ಬಾಗಿಲು, ಕಿಟಕಿ, ಇಂಜಿನ್ನು, ಮುಂಭಾಗದ ನೀರಿನ ಟಾಕಿ. ಆಮೇಲೆ ನನ್ನನ್ನು ಒಳಗೆ ಕರೆದರು. ಬಾಗಿಲಿನ ಗೆರೆ ಇದ್ದ ಕಡೆಯಿಂದಲೇ ಬರಬೇಕು, ಗೋಡೆ ದಾಟಿ ಬಂದರೆ ವಾಪಸು ಕಳಿಸುತ್ತಿದ್ದರು.

ಆ ಎರಡು ದಿನ ನಾವು ಸೀಮೆಸುಣ್ಣದ ಮನೆಯಲ್ಲಿ ಸಂಸಾರ ಮಾಡಿದೆವು. ನಾನು ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ರೊಟ್ಟಿ ಬಡಿದೆ. ಮೊಣಕೈ ನಡುಗೋಡೆಯ ಗೆರೆಗೆ ತಾಗಿದರೆ ಇವರು ಅಳಿಸಿ ಇನ್ನೂ ನಾಲ್ಕಿಂಚು ಆಚೆ ಎಳೆದರು. ಚರ್ಚಿಗೆ ಬಂದ ಜನ ನಿಂತು ನೋಡಿದರು. ಒಬ್ಬ ಮುದುಕ ಟೊಪ್ಪಿಗೆ ತೆಗೆದು, ಬಾಗಿಲಿನ ಗೆರೆಯ ಹೊರಗೆ ನಿಂತು, ಒಳಗೆ ಬರಬಹುದೇ ಎಂದು ಕೇಳಿದ. ಈ ದೇಶದಲ್ಲಿ ನಮ್ಮ ಮನೆಗೆ ಬಂದ ಮೊದಲ ಅತಿಥಿ ಅವನೇ.

ಜಗಳಗಳೂ ಆದವು. ನಾವು ಅಕ್ಕಿಆಲೂರಿನವರು ಅನ್ನದವರು, ಅವರು ಹಿರೇಬೆಂಡಿಗೇರಿಯವರು ರೊಟ್ಟಿಯವರು. ಅಕ್ಕಿ ಚೀಲಕ್ಕೆ ನಾನು ಕೇಳಿದ ಜಾಗವನ್ನು ಅವರು ಜೋಳದ ಹಿಟ್ಟಿನ ಡಬ್ಬಿಗೆ ಕೊಟ್ಟರು. ಪಾಯಿಖಾನೆಯದು ಇನ್ನೂ ದೊಡ್ಡ ಜಗಳ. ಊರಲ್ಲಿ ಅದು ಹಿತ್ತಲಿನಲ್ಲಿ, ಮನೆಗೆ ಬೆನ್ನು ಮಾಡಿಕೊಂಡು ಇರುತ್ತದೆ. ಇಲ್ಲಿ ಅಡುಗೆಮನೆಗೂ ಮಂಚಕ್ಕೂ ನಡುವೆ, ಒಂದು ಹಲಗೆಯ ಆಚೆ. ಕಡೆಗೆ ಎರಡು ಬಾಗಿಲು ಹಾಕುವುದೆಂದು ರಾಜಿಯಾಯಿತು.

ತೂಕದ ವಿಷಯದಲ್ಲಿ ಮಾತ್ರ ಇವರು ಮಾರ್ಗರೆಟ್ಟಿಗೇ ಗುರುವಾದರು. ದೋಣಿಯ ಬಲಕ್ಕೆ ಒಲೆ, ಕಪಾಟು ಇಟ್ಟರೆ ಎಡಕ್ಕೆ ಅಷ್ಟೇ ಭಾರ ಬೇಕು, ಇಲ್ಲದಿದ್ದರೆ ಮನೆ ವಾಲುತ್ತದೆ. ನೆಲದಡಿಗೆ ಇಟ್ಟಿಗೆ ಜೋಡಿಸಿ ಸಮ ಮಾಡುತ್ತಾರೆ. “ಭತ್ತದ ಲಾರಿ ಹೇರಿದಂಗ,” ಎಂದು ಇವರು ಕಣ್ಣಳತೆಯಲ್ಲೇ ಇಟ್ಟಿಗೆ ಇಟ್ಟುಕೊಂಡು ಹೋದರು. ಮಾರ್ಗರೆಟ್ ಮಟ್ಟದ ಕೊಳವೆ ಇಟ್ಟು ನೋಡಿದಳು, ಗುಳ್ಳೆ ನಡುವೆ ನಿಂತಿತ್ತು. ಅವಳು ಹೋಗಿ ತನ್ನ ದೋಣಿಯಿಂದ ಕೇಕು ತಂದಳು.

ಗೆರೆ ಎಳೆದ ಎರಡನೆಯ ದಿನವೇ ನಮ್ಮತ್ತೆ ವಿಡಿಯೋದಲ್ಲಿ ಕಾಣಿಸಿಕೊಂಡಿದ್ದರು. ಹಿರೇಬೆಂಡಿಗೇರಿಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ಫೋನನ್ನು ಮೂಗಿನ ಹತ್ತಿರ ಹಿಡಿದು, ಸೀಮೆಸುಣ್ಣದ ಮನೆಯನ್ನೆಲ್ಲ ನೋಡಿದರು. ಅವರ ಪ್ರಶ್ನೆ ಒಂದೇ.

“ಒಲಿ ಯಾವ ದಿಕ್ಕಿಗೈತೋ ಬಸ್ಯಾ?”

ಮುಂದಿನದು ತಾಯಿ ಮಗನ ನಡುವೆ ತೀರ್ಮಾನವಾಯಿತು. ಅಡುಗೆ ಮಾಡುವವಳ ಮುಖ ಮೂಡಣಕ್ಕಿರಬೇಕು. ದೇವರ ಜಗಲಿ ಈಶಾನ್ಯಕ್ಕೆ. ಮಲಗುವಾಗ ತಲೆ ತೆಂಕಣಕ್ಕೆ, ಸತ್ತರೂ ಬಡಗಣಕ್ಕಲ್ಲ. ಇವರು ದಂಡೆಗೆ ಕಟ್ಟಿದ ದೋಣಿಯ ಮೇಲೆ ಫೋನಿನ ದಿಕ್ಸೂಚಿ ಇಟ್ಟು ನೋಡಿದರು. ಕಾಲುವೆ ಅಲ್ಲಿ ನೇರ ತೆಂಕು ಬಡಗು. ಮೂತಿ ಬಡಗಣಕ್ಕೆ, ಬಲಗೋಡೆ ಮೂಡಣಕ್ಕೆ. ಹೇಳಿ ಮಾಡಿಸಿದ ಹಾಗಿತ್ತು. ಬಲಕ್ಕೆ ಒಲೆ, ಮೂತಿಯ ಬಲಮೂಲೆಗೆ ಜಗಲಿ, ಹಿಂಭಾಗದ ಹಲಗೆಗೆ ತಲೆ ಬರುವಂತೆ ಮಂಚ. ಮಂಚದ ತಲೆಗೆ ಇವರು ಒಂದು ತಿಂಗಳು ಕೂತು ನವಿಲು ಕೆತ್ತಿದರು. ಆಸ್ಪತ್ರೆಯಲ್ಲಿ ನಾನು ದೊಡ್ಡ ವಿಜ್ಞಾನದವಳು. ಆದರೂ ಆ ಒಲೆಯ ಮುಂದೆ ಮೂಡಣಕ್ಕೆ ಮುಖ ಮಾಡಿ ಹಾಲು ಉಕ್ಕಿಸಿದ ಬೆಳಿಗ್ಗೆ ನನಗೆ ಕಣ್ಣು ತುಂಬಿತು. ಸವಣೂರಿನಿಂದ ನಾದಿನಿ ಕಳಿಸಿದ್ದ ಖಾರ ಎಂಬ ಕುರುಕಲು ತಿಂಡಿಯ ಪೊಟ್ಟಣವನ್ನು ಮಾರ್ಗರೆಟ್ಟಿಗೆ ಕೊಟ್ಟೆ. ಅವಳು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಕೆಮ್ಮಿ, ಇನ್ನೊಂದು ಮುಷ್ಟಿ ಕೇಳಿದಳು.

ಆ ಚಳಿಗಾಲ ಚೆನ್ನಾಗಿತ್ತು. ಇಂಜಿನ್ನು ದುರಸ್ತಿಯಾಗುವ ತನಕ ಅಲ್ಲೇ ಇರಲು ಒಪ್ಪಿಗೆ ಸಿಕ್ಕಿತ್ತು. ಇವರು ಗೋದಾಮಿನಿಂದ ಬಂದವರೇ ಉಳಿ ಹಿಡಿಯುತ್ತಿದ್ದರು. ಊರಿಗೆ ಹೋಗುವ ಮಾತು ಬರಲಿಲ್ಲ. ನಾನೂ ಕೆದಕಲಿಲ್ಲ.

ಇಂಜಿನ್ನು ಸರಿಹೋಯಿತು. ಇಲ್ಲಿ ನಮ್ಮಂಥವರಿಗೆ ಒಂದು ನಿಯಮವಿದೆ: ದಂಡೆಗೆ ಕಟ್ಟಿ ನಿಲ್ಲಿಸಲು ಸ್ವಂತ ಜಾಗವಿಲ್ಲದ ದೋಣಿ ಎರಡು ವಾರಕ್ಕಿಂತ ಹೆಚ್ಚು ಒಂದೆಡೆ ನಿಲ್ಲಬಾರದು. ಮೊದಲ ಸಲ ಹೊರಟೆವು. ಅಡುಗೆಮನೆ ಹೊತ್ತುಕೊಂಡು ಮನೆ ನಡೆಯತೊಡಗಿತು. ನೀರು ತುಂಬಿಸುವ ಜಾಗದಾಚೆ ಕಾಲುವೆ ಅಗಲವಾಗುವ ಕಡೆ ದೋಣಿ ತಿರುಗಿಸಿ, ನನ್ನ ಆಸ್ಪತ್ರೆಗೆ ಹತ್ತಿರವಾಗುವಂತೆ ಹಿಂದಕ್ಕೆ ಬಂದು ಕಟ್ಟಿದೆವು. ಐವತ್ತೇಳು ಅಡಿಯನ್ನು ಎಲ್ಲಿಯೂ ತಾಗಿಸದೆ ತಿರುಗಿಸಿದ್ದಕ್ಕೆ ದಂಡೆಯ ಮೇಲಿದ್ದವರು ಇವರಿಗೆ ಚಪ್ಪಾಳೆ ತಟ್ಟಿದರು.

ಸಂಜೆ ರೊಟ್ಟಿ ಬಡಿಯಲು ನಿಂತೆ. ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಸೆರಗು ಅಡ್ಡ ಹಿಡಿದು ಎರಡು ರೊಟ್ಟಿ ಬಡಿದ ಮೇಲೆ ಕೈ ನಿಂತಿತು. ತಿರುಗಿ ನೋಡಿದರೆ ಇವರು ಮಂಚದ ಹತ್ತಿರ ನಿಂತಿದ್ದರು, ಕೈಯಲ್ಲಿ ಫೋನಿನ ದಿಕ್ಸೂಚಿ. ಒಲೆ ಪಡುವಣಕ್ಕೆ. ಜಗಲಿ ನೈಋತ್ಯಕ್ಕೆ. ನವಿಲು ಕೆತ್ತಿದ ತಲೆ ಬಡಗಣಕ್ಕೆ. ಮೂರು ತಿಂಗಳು ಅಳೆದೂ ಸುರಿದೂ ಮಾಡಿದ ನಾವು, ಅತ್ತೆಯೂ ಸೇರಿ ಮೂವರೂ, ದೋಣಿ ಎಂಬುದು ತಿರುಗುತ್ತದೆ ಎಂಬುದನ್ನು ಒಂದು ಸಲವೂ ನೆನೆಸಿರಲಿಲ್ಲ. ಹೊಲದಲ್ಲಿ ಹುಟ್ಟಿದವರ ತಲೆಯಲ್ಲಿ ಮನೆ ಎಂದರೆ ನಿಂತದ್ದು.

ನನಗೆ ನಗು ಬಂತು. ಇವರಿಗೆ ಬರಲಿಲ್ಲ.

“ನೋಡು, ನಮಗ ಇಲ್ಲಿ ಒಗ್ಗಂಗಿಲ್ಲ,” ಎಂದರು. “ಎಷ್ಟ ಕೈ ಹಚ್ಚಿ ಮಾಡಿದ್ರೂ ಅಷ್ಟ. ಮುಂದಿನ ತಿಂಗಳ ನಾ ಹೋಗ್ತೇನಿ.”

ಬೆಳಿಗ್ಗೆ ಅವರು ಗೋದಾಮಿಗೆ ಹೋದ ಮೇಲೆ ನಾನು ಅತ್ತೆಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆಯದೇ ಮಾತು ತೆಗೆದರು.

“ಶಾಂತಾ, ಅವ ಇಲ್ಲಿ ಬಂದ್ ಏನ್ ಮಾಡ್ತಾನ? ಶಿಗ್ಗಾಂವಿ ಶೆಡ್ ಕೆಡವ್ಯಾರ. ಬಾಡಿ ಈಗ ಎಲ್ಲಾ ಫ್ಯಾಕ್ಟರಿಯೊಳಗ ತಯಾರಾಗಿ ಬರ್ತಾವಂತ. ಆ ಜಾಗಾದಾಗ ಟೈಲ್ಸ್ ಅಂಗಡಿ ಆಗೈತಿ. ನಾ ಅವಂಗ ಹೇಳಿಲ್ಲ. ಹೇಳಾಕ ಬಾಯಿ ಬರಲಿಲ್ಲ ನನಗ.”

“ನಾ ಹೇಳಲೇನ್ರಿ ಅತ್ತಿ?”

“ನೀನ ನೋಡವಾ. ಗಾಡ್ಯಾಗ ಮಲಗಿದವರು ತಲಿ ಯಾವ ಕಡೆ ಐತಿ ಅಂತ ಕೇಳ್ತಾರೇನು? ಮಂಚ ತಿರುಗಿಸ್ಕೋರಿ, ಮುಗೀತು. ಮತ್ತ ರೊಟ್ಟಿ ಬಡಿಯೂ ಮುಂದಷ್ಟ ಮೂಡಣಕ್ಕ ಮುಖಾ ಮಾಡು. ಬೇಯಿಸೂದು ಹೆಂಗರ ಬೇಯಿಸು.”

ಶಾಸ್ತ್ರವನ್ನು ಅವರು ಅಷ್ಟು ಸಲೀಸಾಗಿ ಸಡಿಲಿಸಿದ್ದು ಯಾಕೆಂದು ನನಗೆ ಗೊತ್ತಾಯಿತು. ಮಗ ಹತ್ತಿರ ಬರಲಿ ಎಂದು ಯಾವ ತಾಯಿಗೆ ಆಸೆ ಇರುವುದಿಲ್ಲ? ಆದರೂ ಅವರು ಬರಬೇಡ ಎನ್ನಲು ದಾರಿ ಹುಡುಕುತ್ತಿದ್ದರು. ಫೋನು ಇಟ್ಟು ನಾನು ಅತ್ತುಬಿಟ್ಟೆ.

ಇಡೀ ದಿನ ನಾನು ಆ ಸುದ್ದಿಯನ್ನು ಹೊತ್ತು ವಾರ್ಡಿನಲ್ಲಿ ಓಡಾಡಿದೆ. ಎಷ್ಟೋ ಮಂದಿಗೆ ಕೆಟ್ಟ ಸುದ್ದಿ ಹೇಳಿದ ಬಾಯಿ ಇದು. ಹೇಳಿದರೆ, ಹೋಗಲು ಜಾಗವಿಲ್ಲವೆಂದು ಇಲ್ಲಿ ಉಳಿದ ಗಂಡ ಸಿಗುತ್ತಾನೆ. ಹೇಳದಿದ್ದರೆ, ಅವರು ಹೆದ್ದಾರಿ ಬದಿಗೆ ಇಳಿದು, ಚೀಲ ಹಿಡಿದು, ಟೈಲ್ಸ್ ಅಂಗಡಿ ನೋಡುತ್ತ ನಿಲ್ಲುತ್ತಾರೆ. ಎರಡನೆಯದನ್ನು ನನ್ನಿಂದ ಸಹಿಸಲು ಆಗುವುದಿಲ್ಲ ಎನಿಸಿತು.

ಸಂಜೆ ಬಂದಾಗ ಇವರು ನೆಲದ ಮೇಲೆ ಕೂತು ಬೋಲ್ಟು ಬಿಚ್ಚುವ ಪಾನಾ ಹುಡುಕುತ್ತಿದ್ದರು. ನಾನು ಕೋಟು ಕೂಡ ಬಿಚ್ಚದೆ ಹೇಳಿಬಿಟ್ಟೆ: ಶೆಡ್ಡು ಇಲ್ಲ, ಕೆಡವಿದ್ದಾರೆ, ಅತ್ತೆ ಹೇಳಿದರು.

“ಗೊತ್ತೈತಿ,” ಎಂದರು.

“ಯಾವಾಗಿಂದ?”

“ಹೋದ ಮಳಿಗಾಲದಾಗ ದೋಸ್ತ್ ಫೋಟೋ ಕಳಿಸಿದ್ದ. ಅವ್ವಗ ಹೇಳಬ್ಯಾಡ. ನನಗ ಗೊತ್ತಿಲ್ಲ ಅಂತ ಆಕೀಗೆ ಸಮಾಧಾನ ಐತಿ.”

ನನಗೆ ಸಿಟ್ಟು ಬಂತು, ಅಳುವೂ ಬಂತು. “ಹಂಗಾದ್ರ ಇಷ್ಟ ದಿನಾ ಹೋಗ್ತೇನಿ ಹೋಗ್ತೇನಿ ಅಂತಿದ್ರೆಲ್ಲ, ಎಲ್ಲಿಗೆ ಹೋಗಾವ್ರಿದ್ರಿ?”

ಅವರು ಪಾನಾ ಕೈಯಲ್ಲಿ ತಿರುಗಿಸುತ್ತ ಕೂತರು. ಹೊರಗೆ ಯಾರದೋ ದೋಣಿ ಹಾದುಹೋಗಿ ನಮ್ಮ ಮನೆ ಸ್ವಲ್ಪ ತೂಗಿತು.

“ಹಂಗ ಅಂದ್ರ ಒಂದು ಜಾಗಾ ಐತಿ ಅನಿಸ್ತಿತ್ತು,” ಎಂದರು. ಆಮೇಲೆ ಎದ್ದು ನಿಂತರು. “ನವಿಲಿನ ಹಲಿಗಿ ಬಿಚ್ಚಿ ಮಂಚದ ಆಚಿ ಕಡೆಗೆ ಹಚ್ಚೋಣು. ಆ ತುದಿ ಹಿಡಿ.”

ಹಿಡಿದೆ. ಊರಿನ ಮತ್ತಿ ಮರದ ಹಲಗೆಯಷ್ಟೇ ಭಾರ. ಆರಡಿ ಅಗಲದಲ್ಲಿ ಅದನ್ನು ತಿರುಗಿಸಲು ಜಾಗ ಸಾಲದೆ, ನೆಟ್ಟಗೆ ನಿಲ್ಲಿಸಿ, ಹೊರಗೆ ಒಯ್ದು, ದಂಡೆಯ ಹುಲ್ಲಿನ ಮೇಲೆ ತಿರುಗಿಸಿ, ಮತ್ತೆ ಒಳಗೆ ತಂದೆವು. ದಂಡೆಗುಂಟ ಅಡ್ಡಾಡುತ್ತ ಆ ಕಡೆ ಬಂದ ಮಾರ್ಗರೆಟ್ ನೋಡಿ ಏನಾಯಿತೆಂದು ಕೇಳಿದಳು. ಕಾರಣ ಕೇಳಿ, ಪಾಪ, ನಗದಿರಲು ಬಹಳ ಕಷ್ಟಪಟ್ಟಳು.

ಆಮೇಲಿನ ಒಂದೂವರೆ ತಿಂಗಳಲ್ಲಿ ಇವರು ಮನೆಯ ನಕ್ಷೆಯನ್ನೇ ಬದಲಿಸಿದರು. ಈಗ ನಮ್ಮ ಮಂಚಕ್ಕೆ ಎರಡೂ ತುದಿಯಲ್ಲಿ ಬೋಲ್ಟಿನ ತೂತುಗಳಿವೆ, ನವಿಲು ಯಾವ ಕಡೆಗೂ ಕೂರುತ್ತದೆ. ಒಲೆಯ ಎದುರಿನ ಗೋಡೆಗೆ ಒಂದು ಮಡಚುವ ಹಲಗೆ, ರೊಟ್ಟಿಗೆ. ದೇವರ ಜಗಲಿ ಸಣ್ಣ ಪೆಟ್ಟಿಗೆಯಾಗಿದೆ, ನಾಲ್ಕೂ ಮೂಲೆಗೆ ಕೊಂಡಿ. ದೋಣಿ ಕಟ್ಟಿದ ತಕ್ಷಣ ಇವರು ದಿಕ್ಸೂಚಿ ನೋಡಿ ದೇವರನ್ನು ಕೊಂಡಿಗೆ ಸಿಕ್ಕಿಸುತ್ತಾರೆ. ಎಡಬಲ ಯಾವುದನ್ನು ಒಯ್ದರೂ ವಾಲದಂತೆ ಇಟ್ಟಿಗೆಗಳನ್ನೂ ಮತ್ತೆ ಹೊಂದಿಸಿದರು. ಇದನ್ನು ನೋಡಿದ ಇನ್ನೊಬ್ಬ ದೋಣಿಯವನು ತನಗೂ ಅಂಥ ಮಡಚುವ ಹಲಗೆ ಬೇಕೆಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಇವರು ಈಗ ಗೋದಾಮಿಗೆ ವಾರಕ್ಕೆ ಮೂರೇ ದಿನ ಹೋಗುತ್ತಾರೆ. ಉಳಿದ ದಿನ ದಂಡೆಯ ಮೇಲೆ ಕಟ್ಟಿಗೆಯ ಪುಡಿಯ ನಡುವೆ ಕೂತು, ಇಂಗ್ಲಿಷು ಸಾಲದೆ ಹೋದಾಗ ಕನ್ನಡದಲ್ಲೇ ಬೈಯುತ್ತಾರೆ. ಜನ ಹೇಗೋ ತಿಳಿದುಕೊಳ್ಳುತ್ತಾರೆ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ಹಿರೇಬೆಂಡಿಗೇರಿಯಲ್ಲಿ ಮೊದಲ ಬೆಳಿಗ್ಗೆ ಇವರು ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. “ಏನ್ ಹುಡುಕ್ತೀಯೋ?” ಎಂದು ಅತ್ತೆ ಕೇಳಿದರೆ, “ಹಗ್ಗ ಸಡಲ್ಯಾವೇನು ನೋಡಾಕತ್ತಿದ್ದೆ,” ಎಂದು ಹೇಳಿ ತಾವೇ ನಾಚಿದರು. ಶಿಗ್ಗಾಂವಿಗೆ ಹೋಗಿ ಟೈಲ್ಸ್ ಅಂಗಡಿಯನ್ನೂ ನೋಡಿಬಂದರು. ಹೇಗಿದೆ ಎಂದು ನಾನು ಕೇಳಲಿಲ್ಲ. ಓಣಿಯವರು, ಬಸ್‌ಸ್ಟ್ಯಾಂಡಿನವರು, ಅಕ್ಕಿಆಲೂರಿನಲ್ಲಿ ನನ್ನ ಬಳಗದವರು, ಎಲ್ಲರೂ ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದರು: “ಯಾವಾಗ ಬಂದ್ರಿ? ಮತ್ತ ಯಾವಾಗ ಹೋಗೂದು?” ಪ್ರೀತಿಯಿಂದಲೇ ಕೇಳಿದರು. ಆದರೂ ನಾನು ಹುಟ್ಟಿದ ಓಣಿಯಲ್ಲಿ ನಿಂತು ಆ ಎರಡನೆಯ ಪ್ರಶ್ನೆ ಬಂದಾಗ ಇವರತ್ತ ತಿರುಗುತ್ತಿದ್ದೆ. ಇವರು ನನ್ನ ಪರವಾಗಿ ಹೇಳುತ್ತಿದ್ದರು: “ಎರಡ ವಾರ ಇರ್ತೇವ್ರಿ.”

ವಾಪಸು ಬಂದು ದೋಣಿಯನ್ನು ಹೊಸ ಜಾಗಕ್ಕೆ ಒಯ್ದೆವು. ಪರಿಚಯವಿಲ್ಲದ ಒಬ್ಬ ಹೆಂಗಸು ಹಗ್ಗ ಹಿಡಿದು ನೆರವಾದಳು. ಕಾಲುವೆಯ ಮೇಲೆ ಹೊಸಬರನ್ನು ಕಂಡರೆ ಎಲ್ಲರೂ ಕೇಳುವುದನ್ನೇ ಅವಳೂ ಕೇಳಿದಳು: ಎಲ್ಲಿಂದ ಬಂದಿರಿ, ಇಲ್ಲಿ ಎಷ್ಟು ದಿನ ಇರುತ್ತೀರಿ?

“ಎರಡು ವಾರ,” ಎಂದರು ಇವರು.

“ನಾವೂ ಅಷ್ಟೇ,” ಎಂದಳು ಅವಳು.